ಬಿಟ್ಟಿ ದುಡಿಮೆಯ ಮೇಲೆ ಕೋಟಿಯ ಕಟ್ಟಡ

“ಕಂಪ್ಯೂಟರಿನ ವಿಷಯ ನಮಗೇಕೆ?” ಎಂದು ನಮ್ಮ ಓದುಗ ಬಂಧುಗಳಲ್ಲಿ ಹಲವರು ಕೇಳಬಹುದು. ಗಿರಣಿಯಲ್ಲಿ ಪಾಳಿ ದುಡಿಯುವವನಿಗೆ ಬೋನಸ್ಸಿನ ಚಿಂತೆ. ಪೇಟೆಯಲ್ಲಿ ಅಂಗಡಿ ಇಟ್ಟವನಿಗೆ ಬಾಡಿಗೆಯ, ತೆರಿಗೆಯ ಚಿಂತೆ. ಇವುಗಳ ನಡುವೆ ಕಂಪ್ಯೂಟರಿನ ಕಥೆ ಯಾರಿಗೆ ಬೇಕು? ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳಿಯೇ ನಾವು ಮುಂದೆ ಹೋಗುತ್ತೇವೆ.

ಇಂದು ಕಾರ್ಮಿಕನ ಸಂಬಳ ಅವನ ಕೈಗೆ ಬರುವುದಿಲ್ಲ, ಬ್ಯಾಂಕಿನ ಖಾತೆಗೆ ಬರುತ್ತದೆ. ಪ್ರಾವಿಡೆಂಟ್ ಫಂಡಿನ ಲೆಕ್ಕ ಪುಸ್ತಕದಲ್ಲಿಲ್ಲ, ಯಂತ್ರದಲ್ಲಿದೆ. ವ್ಯಾಪಾರಿಯ ಜಿ.ಎಸ್.ಟಿ. ಲೆಕ್ಕವಾಗಲಿ, ಗಿರಾಕಿ ಫೋನು ಹಿಡಿದು ಕೊಡುವ ಹತ್ತು ರೂಪಾಯಿಯಾಗಲಿ, ನಾವು ಎಂದೂ ಕಾಣದ ದೂರದ ಯಂತ್ರಗಳ ಮೂಲಕವೇ ಹಾದುಬರುತ್ತವೆ. ಸರ್ವರ್ ಎಂದು ಕರೆಯುವ ಇಂತಹ ಯಂತ್ರಗಳಲ್ಲಿ ಬಹುಪಾಲು, ಜಗತ್ತಿನಾದ್ಯಂತ, ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಡೆಯುತ್ತಿವೆ. ನಿಮ್ಮ ಕಿಸೆಯ ಆಂಡ್ರಾಯ್ಡ್ ಫೋನಿನ ಒಡಲಲ್ಲಿರುವುದೂ ಅದೇ ಲಿನಕ್ಸಿನ ತಿರುಳು. ಈ ತಂತ್ರಾಂಶ ಭಂಡಾರವನ್ನು ದಿನದಿನವೂ ಸುಸ್ಥಿತಿಯಲ್ಲಿಡುವ ಸಾವಿರಾರು ಜನರಲ್ಲಿ ಬಹಳ ಮಂದಿಗೆ ಆ ಕೆಲಸಕ್ಕಾಗಿ ಒಂದು ಕಾಸಿನ ಕೂಲಿಯೂ ಇಲ್ಲ. ಅವರ ದುಡಿಮೆಯನ್ನು ಹೊತ್ತೊಯ್ದು ಮಾರುವವರಿಗೆ ಮಾತ್ರ ಕೋಟಿ ಕೋಟಿ ಲಾಭ. ದುಡಿಯುವವನೊಬ್ಬ, ಉಣ್ಣುವವನೊಬ್ಬ. ಇದು ನಮ್ಮ ವಿಷಯವಲ್ಲದಿದ್ದರೆ ಮತ್ತಾರ ವಿಷಯ?

ಕಲ್ಲು ಆರಿಸುವವರು ಯಾರು?

ಮುಕ್ತ ತಂತ್ರಾಂಶ ಬರೆದವರು ಅದರ ಮೂಲವನ್ನು ಬಚ್ಚಿಡುವುದಿಲ್ಲ. ಯಾರು ಬೇಕಾದರೂ ಅದನ್ನು ಓದಬಹುದು, ತಿದ್ದಬಹುದು, ನಕಲು ಮಾಡಿ ಹಂಚಬಹುದು. ಆದರೆ ಬರೆದ ಮಾತ್ರಕ್ಕೆ ಅದು ಬಳಕೆಗೆ ಬರುವುದಿಲ್ಲ. ರೈತ ಬೆಳೆದ ಭತ್ತ ನೇರವಾಗಿ ನಮ್ಮ ಅನ್ನದ ಪಾತ್ರೆಗೆ ಬೀಳುತ್ತದೆಯೆ? ಅದನ್ನು ಅಕ್ಕಿ ಮಾಡಬೇಕು, ಕಲ್ಲು ಆರಿಸಬೇಕು, ತೂಗಿ ಚೀಲಕ್ಕೆ ತುಂಬಿ ಬಾಯಿ ಹೊಲಿಯಬೇಕು. ತಂತ್ರಾಂಶಕ್ಕೂ ಹಾಗೆಯೇ. ಜಗತ್ತಿನ ಮೂಲೆಮೂಲೆಗಳಲ್ಲಿ ಬರೆದ ಸಾವಿರಾರು ಪ್ರೋಗ್ರಾಮುಗಳನ್ನು ಒಂದೆಡೆ ಕೂಡಿಸಿ, ಒಂದಕ್ಕೊಂದು ಹೊಂದುವಂತೆ ಮಾಡಿ, ದೋಷ ತಿದ್ದಿ, ಮುದ್ರೆಯೊತ್ತಿ ಜನರಿಗೆ ಒದಗಿಸುವ ವ್ಯವಸ್ಥೆಗೆ ‘ವಿತರಣೆ’ ಎಂದು ಹೆಸರು. ಹೀಗೆ ಕಟ್ಟಿದ ಒಂದೊಂದು ಪೊಟ್ಟಣವೂ ಒಂದು ‘ಪ್ಯಾಕೇಜ್’. ಅದರ ಹೊಣೆ ಹೊತ್ತವನು ಉಸ್ತುವಾರಿಗಾರ.

ಇಂತಹ ವಿತರಣೆಗಳಲ್ಲಿ ಹಿರಿಯದೊಂದು ಡೆಬಿಯನ್. ೧೯೯೩ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ ಇದನ್ನು ಆರಂಭಿಸಿದ. ೨೦೨೫ರ ಆಗಸ್ಟ್‌ನಲ್ಲಿ ಇದರ ೧೩ನೆಯ ಆವೃತ್ತಿ ಹೊರಬಂದಾಗ ಅದರಲ್ಲಿ ಸುಮಾರು ೭೦,೦೦೦ ಪ್ಯಾಕೇಜುಗಳಿದ್ದವು. ಇದನ್ನು ನಡೆಸುವ ಮತಾಧಿಕಾರವುಳ್ಳ ಸದಸ್ಯರು ಸುಮಾರು ಒಂದು ಸಾವಿರ ಮಂದಿ. ೨೦೦೪ರಲ್ಲಿ ಹುಟ್ಟಿ ಪ್ರಪಂಚದಾದ್ಯಂತ ಹರಡಿದ ಉಬುಂಟು ಡೆಬಿಯನ್ನಿನ ಮೇಲೆಯೇ ಕಟ್ಟಿದ್ದು. ನಮ್ಮ ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ೨೦೦೭ರಲ್ಲಿ ‘ಬಾಸ್’ ಎಂಬ ಭಾರತೀಯ ವಿತರಣೆ ಹೊರಡಿಸಿತಲ್ಲ, ಅದರ ಅಡಿಪಾಯವೂ ಡೆಬಿಯನ್ನೇ.

ಉಸ್ತುವಾರಿಗಾರನ ದಿನಚರಿ ಏನು? ಮೂಲದವರು ಹೊಸದಾಗಿ ಬರೆದದ್ದನ್ನು ತಂದು ಪರೀಕ್ಷಿಸಬೇಕು. ಹಲವು ಜಾತಿಯ ಯಂತ್ರಗಳ ಮೇಲೆ ಅದು ನಡೆಯುವಂತೆ ಮಾಡಬೇಕು. ಪರವಾನಗಿ ಪತ್ರದ ಒಂದೊಂದು ಸಾಲನ್ನೂ ಓದಬೇಕು. ಇದು ಬದಲಾದರೆ ಇದನ್ನು ನಂಬಿದ ಬೇರೆ ಯಾವ ಪ್ಯಾಕೇಜು ಕೆಡುತ್ತದೆಂದು ನೋಡಬೇಕು. ಕಳ್ಳರು ನುಗ್ಗುವ ಕಿಂಡಿಯೊಂದು ಪತ್ತೆಯಾದರೆ ರಾತ್ರಿಯೆನ್ನದೆ ಎದ್ದು ಕೂತು ಮುಚ್ಚಬೇಕು. ಬಳಸುವವರ ದೂರುಗಳಿಗೆ ಉತ್ತರ ಬರೆಯಬೇಕು. ಆ ದೂರುಗಳಲ್ಲಿ ಬೈಗುಳವೂ ಇರುತ್ತದೆ.

ಗಿರಣಿಯ ಕಾರ್ಮಿಕರಿಗೆ ಈ ಕೆಲಸದ ಜಾಡು ಬಲು ಬೇಗ ತಿಳಿಯುತ್ತದೆ. ಹೊಸ ಯಂತ್ರ ಬಂದ ದಿನ ಮಾಲೀಕರು ಹಾರ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅದಕ್ಕೆ ನಿತ್ಯ ಎಣ್ಣೆ ಹಾಕುವವನ, ಸವೆದ ಪಟ್ಟಿ ಬದಲಿಸುವವನ, ಕಿರುಗುಟ್ಟುವ ಸದ್ದು ಕೇಳಿಯೇ ರೋಗ ಗುರುತಿಸುವ ಫಿಟ್ಟರನ ಫೋಟೋ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಯಂತ್ರ ನಡೆಯುತ್ತಿರುವವರೆಗೆ ಅವನು ಯಾರ ಕಣ್ಣಿಗೂ ಬೀಳುವುದಿಲ್ಲ, ನಿಂತ ದಿನ ಎಲ್ಲರೂ ಅವನನ್ನೇ ಹುಡುಕುತ್ತಾರೆ. ಪ್ಯಾಕೇಜಿನ ಉಸ್ತುವಾರಿಗಾರನೂ ಅಂತಹ ಫಿಟ್ಟರನೇ. ಒಂದೇ ವ್ಯತ್ಯಾಸ: ಗಿರಣಿಯ ಫಿಟ್ಟರನಿಗೆ ತಿಂಗಳ ಕೊನೆಗೆ ಸಂಬಳವುಂಟು. ಇವನು ಹಗಲು ಬೇರೆಲ್ಲೋ ಹೊಟ್ಟೆಪಾಡಿನ ಕೆಲಸ ಮುಗಿಸಿ, ಮಕ್ಕಳು ಮಲಗಿದ ಮೇಲೆ ಈ ಕೆಲಸಕ್ಕೆ ಕೂರುತ್ತಾನೆ.

ಅವನಿಗೆ ಕಾಯಿಲೆಯಾದರೆ? ಮನೆಯಲ್ಲಿ ತೊಂದರೆಯಾದರೆ? ದಣಿದು ಕೈಬಿಟ್ಟರೆ? ಆಗ ಆ ಪ್ಯಾಕೇಜನ್ನು ಡೆಬಿಯನ್ನಿನವರು ಒಂದು ಪಟ್ಟಿಗೆ ಸೇರಿಸುತ್ತಾರೆ. ಆ ಪಟ್ಟಿಯಲ್ಲಿರುವವಕ್ಕೆ ಅವರೇ ಇಟ್ಟ ಹೆಸರು ‘ಅನಾಥ’. ಯಾರಾದರೂ ಪುಣ್ಯಾತ್ಮರು ಬಂದು ದತ್ತು ತೆಗೆದುಕೊಳ್ಳುವವರೆಗೆ ಅದು ಅನಾಥವೇ. ಅದನ್ನು ಬಳಸಿ ಲಾಭ ಮಾಡುವ ಕಂಪನಿಗೆ ಈ ಸುದ್ದಿ ತಿಳಿಯುವುದೂ ಇಲ್ಲ.

ಶ್ರಮದಾನ ಬೇರೆ, ಬಿಟ್ಟಿ ಬೇರೆ

ಇಲ್ಲಿ ನಾವು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮನುಷ್ಯ ಕೂಲಿಗಾಗಿ ಮಾತ್ರ ದುಡಿಯುತ್ತಾನೆ ಎಂಬ ಮಾತನ್ನು ನಾವು ಎಂದೂ ಒಪ್ಪಿದವರಲ್ಲ. ಅದು ಲಾಭಕೋರರ ವೇದಾಂತ. ಹತ್ತು ಜನ ಕೂಡಿ ಊರಿನ ಬಾವಿ ತೋಡಿದರೆ, ಬಿಡುವಿನ ವೇಳೆಯಲ್ಲಿ ವಾಚನಾಲಯ ನಡೆಸಿದರೆ, ಆ ದುಡಿಮೆಯ ಗೌರವವೇ ಬೇರೆ. ಡೆಬಿಯನ್ನಿನ ಸ್ವಯಂಸೇವಕರು ಮಾಡುತ್ತಿರುವುದು ಇದನ್ನೇ. ೧೯೯೭ರಲ್ಲಿ ಅವರು ‘ಸಾಮಾಜಿಕ ಕರಾರು’ ಎಂಬ ಪತ್ರವನ್ನು ಅಂಗೀಕರಿಸಿದರು. ಈ ಭಂಡಾರ ಎಂದೆಂದಿಗೂ ಮುಕ್ತವಾಗಿರುತ್ತದೆ, ನಮ್ಮ ದೋಷಗಳನ್ನು ನಾವು ಮರೆಮಾಚುವುದಿಲ್ಲ ಎಂಬುದು ಅದರಲ್ಲಿನ ಮಾತು. ೧೯೯೮ರಲ್ಲಿ ತಮಗೊಂದು ಸಂವಿಧಾನ ಬರೆದುಕೊಂಡರು. ವರ್ಷಕ್ಕೊಮ್ಮೆ ಮತ ಹಾಕಿ ತಮ್ಮ ನಾಯಕರನ್ನು ತಾವೇ ಆರಿಸುತ್ತಾರೆ. ಆ ಸಂವಿಧಾನದಲ್ಲಿ ಇನ್ನೊಂದು ವಿಧಿಯೂ ಉಂಟು: ಯಾರ ಮೇಲೂ ಯಾವ ಕೆಲಸವನ್ನೂ ಬಲವಂತವಾಗಿ ಹೇರುವಂತಿಲ್ಲ. ಮಾಲೀಕನಿಲ್ಲದೆ, ಮೇಸ್ತ್ರಿಯಿಲ್ಲದೆ, ನಾನಾ ದೇಶಗಳ ಜನ ಮೂವತ್ತು ವರ್ಷಕ್ಕೂ ಮೀರಿ ಇಷ್ಟು ದೊಡ್ಡ ಉದ್ಯಮವನ್ನು ನಡೆಸಿಕೊಂಡು ಬಂದಿದ್ದಾರೆ. ಕಾರ್ಮಿಕರು ತಾವೇ ಆಡಳಿತ ನಡೆಸಲಾರರು ಎಂದು ಮೂಗು ಮುರಿಯುವವರು ಒಮ್ಮೆ ಇತ್ತ ನೋಡಲಿ. ಇವರ ವಾರ್ಷಿಕ ಸಮ್ಮೇಳನ ೨೦೨೩ರ ಸೆಪ್ಟೆಂಬರ್‌ನಲ್ಲಿ ನಮ್ಮ ನೆರೆಯ ಕೊಚ್ಚಿಯಲ್ಲೇ ನಡೆಯಿತು.

ಆದ್ದರಿಂದ ನಮ್ಮ ತಕರಾರು ಶ್ರಮದಾನದ ಮೇಲಲ್ಲ. ಊರಿಗಾಗಿ ತೋಡಿದ ಬಾವಿಗೆ ಒಬ್ಬ ಸಾಹುಕಾರ ರಾತ್ರೋರಾತ್ರಿ ಪಂಪು ಇಳಿಸಿ, ನೀರನ್ನು ಸೀಸೆಗೆ ತುಂಬಿ ಅದೇ ಊರಿಗೆ ಮಾರಿದರೆ, ಬಾವಿಯ ಕಟ್ಟೆ ಕುಸಿದಾಗ “ಅಯ್ಯಾ, ನೀವು ಸ್ವಯಂಸೇವಕರಲ್ಲವೆ, ಬೇಗ ಬಂದು ಕಟ್ಟಿ” ಎಂದು ಗದರಿಸಿದರೆ, ಅದು ಶ್ರಮದಾನವಾಗಿ ಉಳಿಯುವುದಿಲ್ಲ. ಅದು ಬಿಟ್ಟಿ ಚಾಕರಿಯಾಗುತ್ತದೆ.

ಪಂಪು ಇಳಿಸಿದವರು ಯಾರೆಂಬುದು ಗುಟ್ಟಲ್ಲ. ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್ ಕಂಪನಿಗಳು ತಮ್ಮ ಯಂತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತವೆ. ಆ ಯಂತ್ರಗಳ ಮೇಲೆ ಡೆಬಿಯನ್, ಉಬುಂಟು ಮೊದಲಾದ ವಿತರಣೆಗಳನ್ನು ಸಿದ್ಧವಾಗಿಟ್ಟಿರುತ್ತವೆ. ಲಿನಕ್ಸ್ ವಿತರಣೆಯನ್ನೇ ವ್ಯಾಪಾರ ಮಾಡಿಕೊಂಡಿದ್ದ ರೆಡ್ ಹ್ಯಾಟ್ ಕಂಪನಿಯನ್ನು ೨೦೧೯ರಲ್ಲಿ ಐ.ಬಿ.ಎಂ. ಕೊಂಡ ಬೆಲೆ ೩,೪೦೦ ಕೋಟಿ ಡಾಲರ್. ರೆಡ್ ಹ್ಯಾಟ್ ಅನೇಕ ಉಸ್ತುವಾರಿಗಾರರಿಗೆ ಸಂಬಳ ಕೊಡುತ್ತದೆ, ಗೂಗಲ್ ಮೈಕ್ರೋಸಾಫ್ಟ್‌ಗಳೂ ಕೆಲವರನ್ನು ಇಟ್ಟುಕೊಂಡಿವೆ; ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಮಗೆ ಬೇಕಾದ ಮಹಡಿಗೆ ಸುಣ್ಣ ಹೊಡೆಸುವುದು ಬೇರೆ, ಅಡಿಪಾಯದ ಕಲ್ಲನ್ನು ನೋಡಿಕೊಳ್ಳುವುದು ಬೇರೆ. ಅಡಿಪಾಯದ ಗತಿ ಏನಾಗಿತ್ತೆಂಬುದಕ್ಕೆ ಎರಡು ಸಂಗತಿಗಳನ್ನು ಓದುಗರ ಮುಂದಿಡುತ್ತೇವೆ.

ಎರಡು ಸಂಗತಿಗಳು

ಮೊದಲನೆಯದು ೨೦೧೪ರದು. ಓಪನ್ ಎಸ್.ಎಸ್.ಎಲ್. ಎಂಬ ಪ್ಯಾಕೇಜು ಇಂಟರ್ನೆಟ್ಟಿನ ಬೀಗದಂತೆ. ಬ್ಯಾಂಕಿನ ಗುಪ್ತಸಂಖ್ಯೆ ದಾರಿಯಲ್ಲಿ ಕಳ್ಳರ ಕೈಗೆ ಸಿಗದಂತೆ ಕಾಯುವ ಕೆಲಸ ಅದರದು. ಆ ವರ್ಷದ ಏಪ್ರಿಲ್‌ನಲ್ಲಿ ಅದರೊಳಗೆ ದೊಡ್ಡದೊಂದು ಬಿರುಕು ಕಂಡಿತು. ಅದಕ್ಕೆ ‘ಹಾರ್ಟ್‌ಬ್ಲೀಡ್’, ಅಂದರೆ ಎದೆಯಲ್ಲಿ ರಕ್ತ ಸೋರುವುದು, ಎಂದು ಹೆಸರಾಯಿತು. ಪ್ರಪಂಚವೆಲ್ಲ ಗಾಬರಿಯಿಂದ ವಿಚಾರಿಸಿದಾಗ ತಿಳಿದದ್ದೇನು? ಆ ಬೀಗವನ್ನು ಪೂರ್ಣಾವಧಿ ನೋಡಿಕೊಳ್ಳುತ್ತಿದ್ದವನು ಒಬ್ಬನೇ ಒಬ್ಬ. ದೇಣಿಗೆಯಾಗಿ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು ೨,೦೦೦ ಡಾಲರ್. ಜಗತ್ತಿನ ಖಜಾನೆಗಳ ಬೀಗಕ್ಕೆ ಜಗತ್ತು ಕೊಡುತ್ತಿದ್ದ ಎಣ್ಣೆಯ ಖರ್ಚು ಇಷ್ಟು! ಆಮೇಲೆ ದೊಡ್ಡ ಕಂಪನಿಗಳು ತಲೆಗೆ ವರ್ಷಕ್ಕೆ ಒಂದು ಲಕ್ಷ ಡಾಲರಿನಂತೆ ಮೂರು ವರ್ಷ ಕೊಡುವುದಾಗಿ ಮುಂದೆ ಬಂದವು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಎರಡನೆಯದು ೨೦೨೪ರದು, ಇನ್ನೂ ಘೋರವಾದದ್ದು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಒಂದು ಸಣ್ಣ ಪ್ರೋಗ್ರಾಮು. ಸಣ್ಣದಾದರೂ ಲಿನಕ್ಸಿನ ಹೆಚ್ಚುಕಡಿಮೆ ಎಲ್ಲ ವಿತರಣೆಗಳಲ್ಲೂ ಉಂಟು. ಅದನ್ನು ನೋಡಿಕೊಳ್ಳುತ್ತಿದ್ದವರು ಫಿನ್‌ಲೆಂಡಿನ ಲಾಸ್ಸೆ ಕೊಲಿನ್ ಎಂಬ ಒಬ್ಬರೇ. ೨೦೨೨ರಲ್ಲಿ ಕೆಲವು ಅಪರಿಚಿತ ಹೆಸರುಗಳು ಅವರ ಮೇಲೆ ಒತ್ತಡ ಹೇರತೊಡಗಿದವು: ಕೆಲಸ ನಿಧಾನವಾಯಿತು, ನಿಮ್ಮ ಕೈಲಾಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ. ತಮ್ಮ ಮನಸ್ಸಿನ ಆರೋಗ್ಯ ಬಹುಕಾಲದಿಂದ ಸರಿಯಿಲ್ಲವೆಂದೂ ಇದು ಸಂಬಳವಿಲ್ಲದೆ ಹವ್ಯಾಸಕ್ಕಾಗಿ ಮಾಡುವ ಕೆಲಸವೆಂದೂ ಆ ಮನುಷ್ಯ ಎಲ್ಲರೆದುರು ಹೇಳಿಕೊಂಡರು. ಆಗ ನೆರವಿಗೆ ನಿಂತದ್ದು ಯಾವ ಕಂಪನಿಯೂ ಅಲ್ಲ. ಹಿಂದಿನ ವರ್ಷದಿಂದಲೇ ಸಹಾಯ ಮಾಡಿಕೊಂಡು ಬಂದಿದ್ದ ‘ಜಿಯಾ ಟಾನ್’ ಎಂಬ ಹೆಸರಿನ ವ್ಯಕ್ತಿ. ತಾಳ್ಮೆಯಿಂದ, ವಿನಯದಿಂದ ದುಡಿದು ಆತ ನಂಬಿಕೆ ಗಳಿಸಿದ, ಜೊತೆ ಉಸ್ತುವಾರಿಗಾರನಾದ. ೨೦೨೪ರ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೊರಟ ಎರಡು ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟ. ದೂರದಿಂದ ಸರ್ವರಿನೊಳಗೆ ಹೋಗುವ ಹೆಬ್ಬಾಗಿಲಿಗೆ ಆ ಕಳ್ಳನ ಬಳಿ ಸ್ವಂತ ಬೀಗದಕೈ ಇದ್ದಂತಾಯಿತು.

ಅದು ಹೊರಬಿದ್ದದ್ದು ಹೇಗೆ? ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರು ಡೆಬಿಯನ್ನಿನ ಅಸ್ಥಿರ ಆವೃತ್ತಿಯ ಮೇಲೆ ಬೇರೇನೋ ಕೆಲಸ ಮಾಡುತ್ತಿದ್ದಾಗ, ಬಾಗಿಲು ತೆರೆಯಲು ಎಂದಿಗಿಂತ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಪಟ್ಟರು. ಬೆನ್ನುಹತ್ತಿ ನೋಡಿ ಮಾರ್ಚ್ ೨೯ರಂದು ಲೋಕಕ್ಕೆ ತಿಳಿಸಿದರು. ಅವರು ಮೈಕ್ರೋಸಾಫ್ಟಿನ ನೌಕರರು ನಿಜ, ಆದರೆ ಕಂಪನಿ ಅವರನ್ನು ಇದರ ಕಾವಲಿಗೆ ಇಟ್ಟಿರಲಿಲ್ಲ. ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಆ ವಿಷ ಇನ್ನೂ ಇಳಿದಿರಲಿಲ್ಲ. ಪರೀಕ್ಷೆಯ ಹಂತದಲ್ಲೇ ಸಿಕ್ಕಿಬಿತ್ತು. ಒಬ್ಬ ಮನುಷ್ಯ ಅರ್ಧ ಸೆಕೆಂಡನ್ನು ಅಲಕ್ಷ್ಯ ಮಾಡಿದ್ದರೆ ಅದು ಜಗತ್ತಿನ ಅಸಂಖ್ಯಾತ ಸರ್ವರುಗಳ ಒಳಗೆ ಕೂತಿರುತ್ತಿತ್ತು.

ಈ ಕಥೆಯಿಂದ ಕಂಪನಿಯ ಪಂಡಿತರು ಕಲಿತ ಪಾಠ, “ಸ್ವಯಂಸೇವಕರನ್ನು ನಂಬಬಾರದು” ಎಂಬುದು. ನಾವು ಕಲಿತದ್ದು ಬೇರೆ. ಕಳ್ಳನಿಗೆ ಒಬ್ಬ ದಣಿದ ಮನುಷ್ಯನ ವಿಳಾಸ ಗೊತ್ತಿತ್ತು; ಆ ಮನುಷ್ಯನ ದುಡಿಮೆಯನ್ನು ದಿನವೂ ಉಪಯೋಗಿಸುತ್ತಿದ್ದ ಕುಬೇರರಿಗೆ ಗೊತ್ತಿರಲಿಲ್ಲ. ಕೊಲಿನ್‌ರ ಪಕ್ಕದಲ್ಲಿ ನ್ಯಾಯವಾದ ಸಂಬಳ ಪಡೆಯುವ ಎರಡನೆಯ ಉಸ್ತುವಾರಿಗಾರನೊಬ್ಬ ಇದ್ದಿದ್ದರೆ ಕಳ್ಳನಿಗೆ ಆ ಕುರ್ಚಿ ಖಾಲಿ ಸಿಗುತ್ತಿತ್ತೆ?

ಮೂರು ಆಕ್ಷೇಪಣೆಗಳು

ನಮ್ಮ ವಾದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ನಾವೇ ಎತ್ತಿಕೊಳ್ಳುತ್ತೇವೆ.

“ಅವರೇ ಪುಕ್ಕಟೆಯಾಗಿ ಕೊಟ್ಟರು, ಪರವಾನಗಿ ಪತ್ರದಲ್ಲೇ ಹಾಗೆಂದು ಬರೆದಿದೆ, ಈಗ ಅಳುವುದೇಕೆ?” ಎಂದು ಕಂಪನಿಯ ವಕೀಲರು ಕೇಳುತ್ತಾರೆ. ಪರವಾನಗಿ ಕೊಟ್ಟದ್ದು ಬಳಸುವ ಹಕ್ಕನ್ನು. ಜೀವಮಾನವಿಡೀ ರಿಪೇರಿ ಮಾಡಿಕೊಡುತ್ತೇವೆಂಬ ಮುಚ್ಚಳಿಕೆ ಅದರಲ್ಲಿ ಎಲ್ಲಿದೆ? ತದ್ವಿರುದ್ಧವಾಗಿ, ಯಾವ ಜವಾಬ್ದಾರಿಯೂ ನಮ್ಮದಲ್ಲವೆಂದೇ ಅಲ್ಲಿ ಬರೆದಿರುತ್ತದೆ. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂದು ಬಾಚಿಕೊಂಡವರು, ದೋಷ ಕಂಡ ದಿನ ಮಾತ್ರ ಗಿರಾಕಿಯ ಗತ್ತಿನಲ್ಲಿ ಮಾತಾಡುವುದೇಕೆ? ನಮ್ಮ ಅಂಗಡಿಯವರು ಹೇಳಲಿ: ದುಡ್ಡು ಕೊಡದವನ ಜಬರದಸ್ತನ್ನು ಯಾವ ಪೇಟೆ ಸಹಿಸುತ್ತದೆ?

“ಸ್ವಯಂಸೇವಕರ ಕೆಲಸದಲ್ಲಿ ತಪ್ಪುಗಳಾಗುತ್ತವೆ, ಕಂಪನಿಗಳಿಗೆ ವಹಿಸಿಬಿಡಿ” ಎಂಬುದು ಎರಡನೆಯ ಮಾತು. ತಪ್ಪುಗಳಾಗಿವೆ, ಮುಚ್ಚಿಟ್ಟು ನಮಗೇನೂ ಆಗಬೇಕಾದ್ದಿಲ್ಲ. ೨೦೦೬ರಲ್ಲಿ ಡೆಬಿಯನ್ನಿನಲ್ಲೇ ಓಪನ್ ಎಸ್.ಎಸ್.ಎಲ್. ಪ್ಯಾಕೇಜನ್ನು ತಿದ್ದುವಾಗ ಒಂದು ಪ್ರಮಾದವಾಯಿತು. ಲೆಕ್ಕವಿಲ್ಲದಷ್ಟು ಬಗೆಯಲ್ಲಿ ಹುಟ್ಟಬೇಕಾದ ಬೀಗದಕೈಗಳು ಒಂದೊಂದು ಜಾತಿಯಲ್ಲಿ ೩೨,೦೦೦ ಚಿಲ್ಲರೆ ಬಗೆಗೆ ಇಳಿದುಬಿಟ್ಟವು. ೨೦೦೮ರ ಮೇ ತಿಂಗಳವರೆಗೆ ಅದು ಯಾರಿಗೂ ತಿಳಿಯಲಿಲ್ಲ. ತಿಳಿದಾಗ ಡೆಬಿಯನ್ನಿನವರು ತಾವೇ ಮುಂದೆ ಬಂದು, ನಮ್ಮ ತಪ್ಪು, ಎಲ್ಲರೂ ಬೀಗದಕೈ ಬದಲಿಸಿಕೊಳ್ಳಿ ಎಂದು ಸಾರಿದರು. ಇನ್ನು ಕಂಪನಿಯ ಕೈಗೆ ಕೊಟ್ಟರೆ ಏನಾಗುತ್ತದೆ? ಸೆಂಟ್ ಓಎಸ್ ಎಂಬ ಉಚಿತ ವಿತರಣೆ ರೆಡ್ ಹ್ಯಾಟಿನ ಆಸರೆಗೆ ಹೋಗಿತ್ತು. ಅದರ ೮ನೆಯ ಆವೃತ್ತಿಯನ್ನು ೨೦೨೯ರವರೆಗೆ ನೋಡಿಕೊಳ್ಳುತ್ತಾರೆಂದು ನಂಬಿ ಜನ ಬಳಸುತ್ತಿದ್ದರು. ೨೦೨೦ರ ಡಿಸೆಂಬರ್‌ನಲ್ಲಿ ಪ್ರಕಟಣೆ ಬಂತು: ೨೦೨೧ರ ಕೊನೆಗೇ ಮುಕ್ತಾಯ. ಸ್ವಯಂಸೇವಕ ದಣಿದು ಕೈಬಿಡುತ್ತಾನೆ. ಕಂಪನಿ ಲಾಭ ಕಾಣದೆ ಕೈಬಿಡುತ್ತದೆ. ಮೊದಲನೆಯದಕ್ಕೆ ವಿಶ್ರಾಂತಿಯ ಮದ್ದುಂಟು. ಎರಡನೆಯದಕ್ಕೆ ಯಾವ ಮದ್ದುಂಟು?

ಮೂರನೆಯ ಆಕ್ಷೇಪಣೆ ಪ್ರಾಮಾಣಿಕವಾದದ್ದು. ಅದು ಸ್ವಯಂಸೇವಕರಿಂದಲೇ ಬಂದದ್ದು. “ಹಣ ಒಳಗೆ ಬಂದರೆ ಸ್ನೇಹ ಹೊರಗೆ ಹೋಗುತ್ತದೆ” ಎನ್ನುತ್ತಾರೆ ಅವರು. ಅದಕ್ಕೆ ಆಧಾರವೂ ಉಂಟು. ೨೦೦೬ರಲ್ಲಿ ಡೆಬಿಯನ್ನಿನ ೪ನೆಯ ಆವೃತ್ತಿಯನ್ನು ಡಿಸೆಂಬರಿನೊಳಗೆ ಮುಗಿಸಬೇಕೆಂದು, ಕೆಲವರು ಹೊರಗಿನಿಂದ ಹಣ ಕೂಡಿಸಿ ಇಬ್ಬರಿಗೆ ಮಾತ್ರ ಸಂಬಳ ಕೊಡಲು ಹೊರಟರು. ಅವರಿಗೆ ಕೂಲಿಯಾದರೆ ನಾವೇನು ದಡ್ಡರೆ ಎಂದು ಉಳಿದವರಲ್ಲಿ ಅಸಮಾಧಾನ ಹುಟ್ಟಿತು. ಕೆಲವರು ಕೆಲಸ ನಿಧಾನಿಸಿದರು. ಆವೃತ್ತಿ ಹೊರಬಂದದ್ದು ೨೦೦೭ರ ಏಪ್ರಿಲ್‌ನಲ್ಲಿ. ಆದರೆ ಇದರಿಂದ ತಿಳಿಯಬೇಕಾದದ್ದು ಕೂಲಿ ಕೆಟ್ಟದ್ದೆಂದಲ್ಲ. ಸಾವಿರ ಜನರ ದುಡಿಮೆಯಲ್ಲಿ ಇಬ್ಬರನ್ನು ಮೇಲಿನಿಂದ ಆರಿಸಿ ಕೂಲಿ ಕೊಡುವುದು ಕೆಟ್ಟದ್ದು. ಗಿರಣಿಯಲ್ಲಿ ಮ್ಯಾನೇಜರು ತನಗೆ ಬೇಕಾದ ಇಬ್ಬರಿಗೆ ಗುಟ್ಟಾಗಿ ಇನಾಮು ಕೊಟ್ಟರೆ ಇಡೀ ಖಾತೆಯಲ್ಲಿ ಒಡಕು ಹುಟ್ಟುವುದಿಲ್ಲವೆ? ಹಾಗೆಂದು ನಾವು ಕೂಲಿಯೇ ಬೇಡವೆನ್ನುತ್ತೇವೆಯೆ? ಎಲ್ಲರ ಒಪ್ಪಿಗೆಯಿಂದ, ಎಲ್ಲರಿಗೂ ತಿಳಿದ ದರದಲ್ಲಿ, ಬಹಿರಂಗ ಲೆಕ್ಕದಲ್ಲಿ ಕೊಡಿ ಎನ್ನುತ್ತೇವೆ. ೨೦೧೪ರಿಂದ ಡೆಬಿಯನ್ನಿನ ಹಳೆಯ ಆವೃತ್ತಿಗಳನ್ನು ಇನ್ನೂ ಕೆಲವು ವರ್ಷ ಕಾಪಾಡುವ ಕೆಲಸಕ್ಕೆ ಬಳಕೆದಾರ ಸಂಸ್ಥೆಗಳಿಂದ ಹಣ ಪಡೆದು ಗಂಟೆಯ ಲೆಕ್ಕದಲ್ಲಿ ಕೂಲಿ ಕೊಡುವ ಏರ್ಪಾಡು ನಡೆದಿದೆ. ಅದರಿಂದ ಡೆಬಿಯನ್ ಮುಳುಗಲಿಲ್ಲ. ಯಾರಿಗೂ ಮಾಡಲು ಮನಸ್ಸಿಲ್ಲದ ಬೇಸರದ ಕೆಲಸಕ್ಕೆ ಕೂಲಿ, ಮನಸ್ಸಿಟ್ಟು ಮಾಡುವ ಕೆಲಸಕ್ಕೆ ಸ್ವಾತಂತ್ರ್ಯ: ಇವೆರಡೂ ಒಂದೇ ಮನೆಯಲ್ಲಿ ಬಾಳಬಹುದು.

ಭಿಕ್ಷೆಯಲ್ಲ, ಪಾಲು

ನಮ್ಮ ಕೆರೆಯ ಊರುಗಳಲ್ಲಿ ನೀರುಗಂಟಿ ಇದ್ದ. ತೂಬು ಎತ್ತಿ ಇಳಿಸಿ, ಕಾಲುವೆಯ ಕಸ ತೆಗೆದು, ಕಡೆಯ ಗದ್ದೆಗೂ ನೀರು ತಲುಪುವಂತೆ ನೋಡುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಆ ನೀರಿನಲ್ಲಿ ಬೆಳೆದವರು ಅವನಿಗೆ ಆಯ ಅಳೆದುಕೊಡಬೇಕಾಗಿತ್ತು. ಹುಟ್ಟಿನಿಂದ ಮನುಷ್ಯನನ್ನು ಒಂದು ಕಸುಬಿಗೆ ಕಟ್ಟಿಹಾಕಿದ ಆ ಪದ್ಧತಿ ಅನ್ಯಾಯದ್ದೇ. ಅದು ಮರಳಿ ಬರಲೆಂದು ಬಯಸುವವರು ನಾವಲ್ಲ. ಆದರೆ ಅಂದಿನ ಗೌಡ ಶಾನುಭೋಗರಿಗೂ ತಿಳಿದಿದ್ದ ಒಂದು ಮಾತು ಇಂದಿನ ಜಗದ್ವ್ಯಾಪಿ ಕಂಪನಿಗಳಿಗೆ ತಿಳಿಯದೆ ಹೋಗಿದೆ: ನೀರು ಉಂಡವನು ತೂಬು ಕಾಯುವವನಿಗೆ ಪಾಲು ಕೊಡಬೇಕು. ಅದು ಭಿಕ್ಷೆಯಲ್ಲ, ಆಯ.

ಈ ದಾರಿಯಲ್ಲಿ ಕೆಲವು ಹೆಜ್ಜೆಗಳು ಬಿದ್ದಿವೆ. ಜರ್ಮನಿಯ ಸರ್ಕಾರ ೨೦೨೨ರಲ್ಲಿ ‘ಸಾವರಿನ್ ಟೆಕ್ ಫಂಡ್’ ಎಂಬ ನಿಧಿ ಸ್ಥಾಪಿಸಿ, ಮುಕ್ತ ತಂತ್ರಾಂಶದ ಅಡಿಪಾಯವನ್ನು ಸೇತುವೆ ರಸ್ತೆಗಳಂತೆ ಸಾರ್ವಜನಿಕ ಸೊತ್ತೆಂದು ತಿಳಿದು ಹಣ ಕೊಡತೊಡಗಿತು. ಯುರೋಪಿನ ಒಕ್ಕೂಟ ೨೦೨೪ರಲ್ಲಿ ಸೈಬರ್ ಭದ್ರತೆಯ ಕಾನೂನೊಂದನ್ನು ತಂದಿತು. ಅದರ ಮುಖ್ಯ ಕಟ್ಟಳೆಗಳಿಗೆ ಗೊತ್ತುಮಾಡಿದ ದಿನ ೨೦೨೭ರ ಡಿಸೆಂಬರ್ ೧೧. ಮಾರುವ ಸರಕಿನೊಳಗಿನ ತಂತ್ರಾಂಶದ ಹೊಣೆ ಮಾರುವವನದು. ಲಾಭಕ್ಕಲ್ಲದೆ ದುಡಿಯುವ ಸ್ವಯಂಸೇವಕನ ತಲೆಯ ಮೇಲೆ ಆ ಹೊಣೆ ಹೊರಿಸಬಾರದು ಎಂಬುದು ಅದರ ತಿರುಳು. ೨೦೨೪ರ ಅಕ್ಟೋಬರ್‌ನಲ್ಲಿ ನಮ್ಮ ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ, ಮುಕ್ತ ತಂತ್ರಾಂಶದ ಕೆಲಸಗಳಿಗೆ ವರ್ಷಕ್ಕೆ ೧೦ ಲಕ್ಷ ಡಾಲರ್ ಕೊಡುವುದಾಗಿ ಸಾರಿತು. ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. ಆದರೆ ಒಬ್ಬ ಉದಾರಿಯ ಮನಸ್ಸು ಇಂದು ಇದ್ದಂತೆ ನಾಳೆ ಇರುತ್ತದೆಂಬ ಭರವಸೆ ಎಲ್ಲಿ? ಅವನು ಕೊಟ್ಟದ್ದನ್ನು ತೋರಿಸಿ ಉಳಿದ ನೂರು ಕಂಪನಿಗಳು ತಪ್ಪಿಸಿಕೊಳ್ಳಬಾರದು. ದಾನವನ್ನು ಹೊಗಳೋಣ, ಕಾನೂನನ್ನು ಕೇಳೋಣ.

ನಮ್ಮ ಕೇಂದ್ರ ಸರ್ಕಾರ ೨೦೧೫ರಲ್ಲಿ, ಸರ್ಕಾರಿ ಕಚೇರಿಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿ ಹೊರಡಿಸಿತು. ಬಳಸಿರಿ ಎಂಬ ನೀತಿ ಬಂತು, ಸಂತೋಷ. ಬಳಸಿದ್ದಕ್ಕೆ ಪಾಲು ಕೊಡಿರಿ ಎಂಬ ನೀತಿಯೂ ಬರಬೇಕು. ಆದ್ದರಿಂದ ನಾವು ಒತ್ತಾಯಪಡಿಸುವುದೇನೆಂದರೆ:

೧. ಮುಕ್ತ ತಂತ್ರಾಂಶದ ಮೇಲೆ ವ್ಯಾಪಾರ ನಡೆಸುವ ದೊಡ್ಡ ಕಂಪನಿಗಳು ತಮ್ಮ ವಹಿವಾಟಿಗೆ ತಕ್ಕ ಉಸ್ತುವಾರಿ ಪಾಲನ್ನು ವರ್ಷವರ್ಷವೂ ಕಾನೂನಿನ ಪ್ರಕಾರ ಸಲ್ಲಿಸಬೇಕು. ಬಾವಿಯಿಂದ ಕೊಡ ಸೇದುವ ಚಿಲ್ಲರೆ ಅಂಗಡಿಯವನ ಮೇಲೆ ಈ ಹೊರೆ ಬೀಳಕೂಡದು. ಪಂಪು ಇಟ್ಟವನು ಕೊಡಬೇಕು.

೨. ಆ ನಿಧಿಯ ಹಂಚಿಕೆ ಕಂಪನಿಗಳ ಕೈಯಲ್ಲೂ ಇರಬಾರದು, ಅಧಿಕಾರಿಗಳ ಕೈಯಲ್ಲೂ ಇರಬಾರದು. ಉಸ್ತುವಾರಿಗಾರರೇ ಮತ ಹಾಕಿ ಆರಿಸಿದ ಮಂಡಲಿಯ ಕೈಯಲ್ಲಿರಬೇಕು. ಕಾಸು ಕಾಸಿಗೂ ಲೆಕ್ಕ ಬಹಿರಂಗವಾಗಬೇಕು.

೩. ಜನಜೀವನ ನ���ಬಿಕೊಂಡಿರುವ ಯಾವ ಪ್ಯಾಕೇಜೂ ಒಬ್ಬನೇ ಮನುಷ್ಯನ ಹೆಗಲ ಮೇಲೆ ನಿಲ್ಲಬಾರದು. ಎರಡನೆಯವನ ಕೂಲಿಯೇ ಈ ನಿಧಿಯ ಮೊದಲ ಖರ್ಚಾಗಬೇಕು. ಗಿರಣಿಯಲ್ಲಿ ಬದಲಿ ಕಾರ್ಮಿಕನಿರುವಂತೆ ಇಲ್ಲಿಯೂ ಬದಲಿ ಇರಬೇಕು. ಕಾಯಿಲೆಯಾದವನಿಗೆ ರಜೆ ಇರಬೇಕು.

೪. ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ತಂತ್ರಾಂಶದ ಟೆಂಡರು ಕರೆಯುವಾಗ ಗುತ್ತಿಗೆದಾರನಿಂದ ಒಂದು ಪಟ್ಟಿ ಕೇಳಬೇಕು: ನೀನು ಬಳಸಿದ ಮುಕ್ತ ಪ್ಯಾಕೇಜುಗಳು ಯಾವುವು, ಅವುಗಳ ಉಸ್ತುವಾರಿಗೆ ನೀನು ಕೊಟ್ಟದ್ದೆಷ್ಟು?

೫. ಬೆಂಗಳೂರಿನ ತಂತ್ರಾಂಶ ಕಂಪನಿಗಳ ನೌಕರರು ಕಂಪನಿಗಾಗಿ ತಿದ್ದಿದ ದೋಷಗಳನ್ನು ಮೂಲ ಭಂಡಾರಕ್ಕೆ ಮರಳಿಸುವ ಹಕ್ಕು ಪಡೆಯಬೇಕು. ಅದನ್ನು ಕೆಲಸದ ವೇಳೆಯಲ್ಲೇ, ಸಂಬಳದ ವೇಳೆಯಲ್ಲೇ ಮಾಡಲು ಅವಕಾಶವಿರಬೇಕು.

ಇವುಗಳಲ್ಲಿ ಆಗದ ಮಾತು ಯಾವುದಿದೆ? ಎಂಟು ಗಂಟೆಯ ದುಡಿಮೆ, ವಾರದ ರಜೆ, ಪ್ರಾವಿಡೆಂಟ್ ಫಂಡು ಇವೂ ಒಂದು ಕಾಲಕ್ಕೆ ಆಗದ ಮಾತುಗಳೇ ಆಗಿದ್ದವು.

ಕೊನೆಯದಾಗಿ ನಮ್ಮ ಓದುಗರಿಗೆ ಒಂದು ಮಾತು. ಡೆಬಿಯನ್ನಿನ ಆ ಸಾವಿರಾರು ಪ್ಯಾಕೇಜುಗಳ ರಾಶಿಯಲ್ಲಿ ಎರಡಕ್ಕೆ ‘ಗುಬ್ಬಿ’, ‘ನವಿಲು’ ಎಂದು ಹೆಸರು. ಅವು ಕನ್ನಡದ ಅಕ್ಷರಗಳು. ಜಗತ್ತಿನ ಯಾವ ಮೂಲೆಯಲ್ಲಾದರೂ ಆ ಭಂಡಾರದಿಂದ ಕನ್ನಡವನ್ನು ಯಂತ್ರಕ್ಕೆ ಇಳಿಸಿಕೊಳ್ಳಬಹುದು, ದುಡ್ಡು ಕೊಡಬೇಕಾದ್ದಿಲ್ಲ, ಯಾರ ಅಪ್ಪಣೆಯೂ ಬೇಕಾದ್ದಿಲ್ಲ. ಲಾಭ ಕಾಣದ ಕಡೆ ಕಂಪನಿ ಕಾಲಿಡುವುದಿಲ್ಲ. ನಮ್ಮ ಭಾಷೆಯನ್ನು ಅಲ್ಲಿಗೆ ಹೊತ್ತು ತಂದದ್ದು, ಕೆಡದಂತೆ ನೋಡಿಕೊಳ್ಳುತ್ತಿರುವುದು ಜನರ ಕೈ. ಆ ಕೈ ಸೋಲದಂತೆ ನೋಡಿಕೊಳ್ಳುವುದು ನಮ್ಮ ಕೆಲಸವೂ ಹೌದು. ಕಾರ್ಮಿಕ ಸಂಘದ ಕಚೇರಿಗೆ, ವರ್ತಕರ ಸಂಘಕ್ಕೆ ಕಂಪ್ಯೂಟರು ಕೊಳ್ಳುವಾಗ ಮಾರಾಟಗಾರನನ್ನು ಕೇಳಿ: ಇದರೊಳಗಿನ ಮುಕ್ತ ತಂತ್ರಾಂಶವನ್ನು ಯಾರು ನೋಡಿಕೊಳ್ಳುತ್ತಾರೆ, ಅವರಿಗೆ ನೀನು ಏನು ಕೊಟ್ಟೆ? ಓದಿದ ಮಕ್ಕಳು ಮನೆಯಲ್ಲಿದ್ದರೆ, ದೋಷ ಕಂಡಾಗ ಬೈಯದೆ ವಿವರವಾಗಿ ಬರೆದು ತಿಳಿಸಲಿ. ಕೈಲಾದರೆ ಒಂದು ಅನಾಥ ಪ್ಯಾಕೇಜಿನ ಹೊಣೆ ಹೊರಲಿ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ. ಆ ಹೊರೆಯನ್ನು ಮತ್ತೆ ಹತ್ತು ಜನರಿಗೆ ಹಂಚಬೇಕು.

ಹಾಗೆ ಹಂಚುವಾಗ ಹೆಚ್ಚು ಉಂಡವನ ತಲೆಯ ಮೇಲೆ ಹೆಚ್ಚು ಹೊರೆ ಇಡಬೇಕು. ಅವನು ತಾನಾಗಿ ತಲೆ ಕೊಡುವುದಿಲ್ಲ. ಕೇಳಿ ಪಡೆಯಬೇಕು.